ಉಜ್ಜಿನಪ್ಪನ ಕರಿ ಪುಡಿ

ಸೀಗೆಪುಡಿ ಹಾಕಿ ಉಜ್ಜಿದ್ದಾಯಿತು, ಬೂದಿ ಹಾಕಿ ತಿಕ್ಕಿದ್ದಾಯಿತು. ಕೊನೆಗೆ ಹೊಳೆಮ್ಮ ತೆಂಗಿನ ನಾರಿಗೆ ಕೈ ಹಾಕಿದಾಗ ಪಕ್ಕದ ಮನೆಯ ಜಂಬವ್ವ ಅವಳ ಮುಂಗೈ ಹಿಡಿದುಕೊಂಡಳು.

"ಬಿಡಬೇ, ತೊಗಲು ಕಿತ್ತು ಬಂದೀತು. ನೀರು ಹಾಕಿ ಮುಗಸು."

"ಮಣ್ಣಿಗೆ ಹೋಗಾಂವ ಹಳದಿ ಕೈಲೆ ಹೋಗಬೇಕೇನಬೇ?"

"ಅರಿಷಿಣ ಇದ್ರ ಹೋಗಿತ್ತು. ಅದು ಆ ಸಾಲಿ ಬಣ್ಣ. ಹತ್ತೊಂಬತ್ತು ವರ್ಷದ್ದು ಇವತ್ತು ಹೋದೀತೇನು?"

ಅಂಗಳದ ಹಾಸುಬಂಡೆಯ ಮೇಲೆ ಮಲಗಿಸಿದ್ದ ಹೊಳೆಮ್ಮನ ಗಂಡ ಉಜ್ಜಿನಪ್ಪನ ಬಲಗೈಯ ಮೂರು ಬೆರಳು ಉಗುರಿನ ಬುಡದವರೆಗೂ ಹಳದಿಯಾಗಿದ್ದವು. ಕಾಲುವೆ ದಂಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಕೋಣೆಯ ಜವಾನ ಅವನು. ಆಸಿಡ್ಡಿನ ಸೀಸೆಯ ಬಿರಡೆ ತೆಗೆದೂ ತೆಗೆದೂ ಹತ್ತಿದ ಕಲೆ. ತೊಗಲು ಸುಲಿದು ಹೊಸದು ಬಂದಾಗ ತಾನೇ ಹೋಗುತ್ತದೆ ಎನ್ನುತ್ತಿದ್ದ. ಹೊಸ ತೊಗಲಿಗಿಂತ ಮುಂಚೆ ಜ್ವರ ಬಂತು. ನಾಲ್ಕೇ ದಿನ. ನಿನ್ನೆ ದೀಪ ಹಚ್ಚುವ ಹೊತ್ತಿಗೆ ಮುಗಿದುಹೋಗಿತ್ತು.

ಮಗಳು ಹುಲುಗಮ್ಮನನ್ನು ಮೆಟ್ರಿಗೆ ಕೊಟ್ಟಿತ್ತು. ಅವಳ ಊರಿಗೆ ಆಳು ಹೋಗಿದ್ದ. ಬಂಡಿ ಬರುವುದು ಏನಿಲ್ಲವೆಂದರೂ ಮಧ್ಯಾಹ್ನ. ಅವಳು ಮುಖ ನೋಡಿದ ಮೇಲೆಯೇ ಎತ್ತುವುದೆಂದು ಹಿರಿಯರು ಹೇಳಿದ್ದರು. ಹಲಗೆ ಬಾರಿಸುವ ಮೂಕಣ್ಣ ಅಂಗಳದ ಮೂಲೆಯಲ್ಲಿ ಹಲಗೆಯನ್ನು ಬಿಸಿಲಿಗೆ ಒಡ್ಡಿ ಕೂತಿದ್ದ. ಬಾಗಿಲ ಬಳಿ ಉಜ್ಜಿನಪ್ಪನ ಅಣ್ಣ ಎರ್ರಿಯಪ್ಪ ಮೊಣಕಾಲ ನಡುವೆ ಒಂದು ಗಂಟು ಇಟ್ಟುಕೊಂಡು ಕೂತಿದ್ದ. ಅವನು ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸ್ ಅದಿರು ಅಗೆಯುವವನು. ಸಾವಿನ ಸುದ್ದಿ ಕೇಳಿ ಬಂದವನಲ್ಲ. ವರ್ಷಕ್ಕೊಮ್ಮೆ ಶಿವರಾತ್ರಿಯ ಮುಂದೆ ತಮ್ಮನನ್ನು ನೋಡಲು ಬರುವಂತೆ ಬೆಳಿಗ್ಗೆ ಅದಿರಿನ ಗಾಡಿ ಹತ್ತಿ ಬಂದಿಳಿದು, ಓಣಿಯ ತಿರುವಿನಲ್ಲಿ ಅಳುವ ಸದ್ದು ಕೇಳಿ ಅಲ್ಲೇ ನಿಂತುಬಿಟ್ಟಿದ್ದ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ.

ಹೆಣಕ್ಕೆ ಹೊಸ ಧೋತರ ಸುತ್ತಿ ಕಟ್ಟೆಯ ಮೇಲೆ ತಂದು ಮಲಗಿಸುವಷ್ಟರಲ್ಲಿ ಓಣಿಯೊಳಗೆ ಜಟಕಾ ಬಂದು ನಿಂತಿತು. ಇಳಿದವರು ಹೈಸ್ಕೂಲಿನ ಪ್ರಭಂಜನ ಮಾಸ್ತರು. ಕಚ್ಚೆ, ಕೋಟು, ಹಣೆಯ ಬೆವರಿನಲ್ಲಿ ಕರಗುತ್ತಿದ್ದ ಅಂಗಾರದ ಗೆರೆ. ಕಂಕುಳಲ್ಲಿ ಪಂಚೆಯಲ್ಲಿ ಸುತ್ತಿದ ಏನೋ ಒಂದು. ಅಂಗಳದ ಅಂಚಿಗೆ ಬಂದವರು ಅಲ್ಲೇ ನಿಂತರು.

"ಬರ್ರಿ ಮಾಸ್ತರ," ಎಂದಳು ಜಂಬವ್ವ. "ಅಲ್ಲೇ ನಿಂತ್ರೂ ಜಳಕ ತಪ್ಪಂಗಿಲ್ಲ, ಒಳಗ ಬಂದ್ರೂ ಅದ ಒಂದ ಜಳಕ."

ಒಂದಿಬ್ಬರು ನಕ್ಕರು. ಮಾಸ್ತರು ಒಳಗೆ ಬಂದು ಕೈ ಮುಗಿದರು. ಕಣ್ಣು ಮಾತ್ರ ಹೊಳೆಮ್ಮನನ್ನು ಹುಡುಕುತ್ತಿತ್ತು.

"ಹೊಳೆಮ್ಮ, ಇಂಥಾ ಹೊತ್ತಿನ್ಯಾಗ ಕೇಳಬಾರದು. ಕೇಳದೇ ಗತಿ ಇಲ್ಲ." ಕಂಕುಳಲ್ಲಿದ್ದ ಸುತ್ತು ಬಿಚ್ಚಿದರು. ಒಳಗೆ ಒಂದು ಗಾಜಿನ ಸೀಸೆ, ಅದರ ತುಂಬ ಕರಿ ಪುಡಿ. "ಇದರ ಬಗ್ಗೆ ಉಜ್ಜಿನಪ್ಪ ಏನರ ಹೇಳಿದ್ದನೇನು?"

"ಏನಾತ್ರೀ?"

"ನಿನ್ನೆ ಮಧ್ಯಾಹ್ನ ಒಮ್ಮೆ ಮಾಡಿ ನೋಡೋಣಂತ ಕೂತಿದ್ವಿ. ಬಿಳಿ ಉಪ್ಪಿಗೆ ಇದನ್ನ ಬೆರೆಸಿ ಕಾಸಿದ್ರ ಆಕ್ಸಿಜನ್ ಬರಬೇಕು. ಕೊಳವೆನೇ ಸಿಡೀತು. ಒಬ್ಬ ಹುಡುಗನ ಹುಬ್ಬಿಗೆ ಗಾಜು ಬಡೀತು. ಕಣ್ಣಿಗೆ ಒಂದು ಬೆರಳು ಮ್ಯಾಲ." ಸೀಸೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಇವತ್ತು ಎರಡು ಗಂಟೆಗೆ ಬಳ್ಳಾರಿಯಿಂದ ಪರೀಕ್ಷಕರು ಬರ್ತಾರ. ಇಪ್ಪತ್ತೆರಡು ಹುಡುಗರೂ ಅವರ ಮುಂದ ಇದೇ ಪ್ರಯೋಗ ಮಾಡಿ ಪುಸ್ತಕಕ್ಕ ಸಹಿ ತಗೋಬೇಕು. ಸಹಿ ಇಲ್ಲಂದ್ರ ಮಾರ್ಚಿನ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಸಂಗಿಲ್ಲ. ಒಂದು ವರ್ಷ ಹೋತು."

"ಅದಕ್ಕ ನಮ್ಮಾಂವ ಏನು ಮಾಡ್ಯಾನ್ರೀ?"

ಮಾಸ್ತರು ಸೀಸೆಯನ್ನೇ ನೋಡಿದರು. "ಹೆಡ್‌ಮಾಸ್ತರು ಅಂತಾರ, ಅಂವ ಏನೋ ಕಲಬೆರಕೆ ಮಾಡಿಟ್ಟಾನ ಅಂತ. ಜವಾನನ ಅಲಕ್ಷ್ಯ ಅಂತ ನಿನ್ನೆನೇ ಆಫೀಸಿನ ಪುಸ್ತಕದಾಗ ಬರದಾರ."

ಹೊಳೆಮ್ಮ ಕಟ್ಟೆಯ ಕಡೆ ತಿರುಗಿದಳು. ಉಜ್ಜಿನಪ್ಪನ ಬಾಯಿ ಬಟ್ಟೆಯಲ್ಲಿ ಬಿಗಿದು ಕಟ್ಟಿತ್ತು.

*

ಉಜ್ಜಿನಪ್ಪ ಆ ಶಾಲೆಗೆ ಸೇರಿದ್ದು ಗಿಡಗಳಿಗೆ ಕಾಲುವೆಯ ನೀರು ಹೊರಲು. ಕೋಣೆಯ ಕೀಲಿಕೈ ಎರಡನೆಯ ವರ್ಷ ಅವನ ಉಡಿದಾರಕ್ಕೆ ಬಂತು. ಮಾಸ್ತರುಗಳು ಬಂದರು, ವರ್ಗವಾಗಿ ಹೋದರು. ಈ ಪ್ರಭಂಜನ ಮಾಸ್ತರು ಬಿ.ಎ. ಮಾಡಿದ್ದು ಗಣಿತದಲ್ಲಿ. ವಿಜ್ಞಾನಕ್ಕೆ ಬೇರೆ ಜನ ಸಿಗದೆ ಅವರ ತಲೆಗೆ ಕಟ್ಟಿದ್ದರು. ಅವರು ಕಿಟಕಿಯ ಬಳಿ ನಿಂತು ಇಂಗ್ಲಿಷ್ ಪುಸ್ತಕ ಓದುವರು. ಕೊಳವೆ ಕಾಸುವುದು, ನೀರಿನ ತೊಟ್ಟಿಯಲ್ಲಿ ಬುಡ್ಡಿ ಮಗುಚಿ ಹಿಡಿಯುವುದು, ತೊಳೆದಿಡುವುದು ಉಜ್ಜಿನಪ್ಪ. ಸಂಜೆ ಪುಸ್ತಕದ ಇಂಗ್ಲಿಷು ತಲೆಗೆ ಹತ್ತದ ಹುಡುಗರು ಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಅವನನ್ನು ಸುತ್ತಿ ಕೂರುತ್ತಿದ್ದರು. ರೊಟ್ಟಿಯ ಬುತ್ತಿ ಒಯ್ದ ದಿನ ಹೊಳೆಮ್ಮನೂ ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

"ಹುಳಿ ಅಂದ್ರ ಅತ್ತಿ, ಕ್ಷಾರ ಅಂದ್ರ ಸೊಸಿ," ಎಂದು ಉಜ್ಜಿನಪ್ಪ ಸುರು ಮಾಡುವನು. "ಈಕಿನ್ನ ಮುಟ್ಟಿದ್ರೂ ಸುಡತೈತಿ, ಆಕಿನ್ನ ಮುಟ್ಟಿದ್ರೂ ಸುಡತೈತಿ. ಇಬ್ಬರನ್ನೂ ಒಂದು ಬುಡ್ಡ್ಯಾಗ ಹಾಕಿದ್ರ ಮೊದಲ ಬಿಸಿಯಾಗ್ತಾರ. ಸರಿಸಮ ಆದ್ರೋ, ತಣ್ಣಗ. ಆಮ್ಯಾಲ ಒಳಗ ಅತ್ತಿನೂ ಇಲ್ಲ, ಸೊಸಿನೂ ಇಲ್ಲ. ಉಪ್ಪು, ನೀರು ಅಷ್ಟ."

"ಮತ್ತ ಈ ಕರಿ ಪುಡಿ ಯಾಕ? ಬರೇ ಬಿಳಿ ಉಪ್ಪು ಕಾಸಿದ್ರ ಆಕ್ಸಿಜನ್ ಬರಂಗಿಲ್ಲೇನು?"

"ಬರತೈತಿ, ಭಾಳ ಕಾಸಬೇಕು. ಉಪ್ಪಿನ ಹೊಟ್ಟ್ಯಾಗ ಗಾಳಿ ಐತಿ, ಅಣ್ಣತಮ್ಮರಂಗ ಒಂದಕ್ಕೊಂದು ಜೋತು ಬಿದ್ದಾವ. ಈ ಕರಿ ಪುಡಿ ಪಾಲು ಮಾಡ್ಸೋ ಹಿರೇಮನಷ್ಯಾ ಇದ್ದಂಗ. ನಡುವ ಕುಂತು ಜಲ್ದಿ ಬ್ಯಾರೆ ಮಾಡಸ್ತಾನ. ತಾನು ಏನೂ ತಗೊಳ್ಳಂಗಿಲ್ಲ. ಕೆಲಸ ಆದ ಮ್ಯಾಲ ತೊಳದು ಒಣಗಿಸಿ ತೂಗಿ ನೋಡ್ರಿ, ಹಾಕಿದಷ್ಟ ಇರತಾನ."

"ನಮ್ಮೂರಾಗ ಪಾಲು ಮಾಡ್ಸಾಕ ಬಂದ ಹಿರ್ಯಾ ಎಮ್ಮಿ ಹೊಡಕೊಂಡು ಹೋದ!" ಎಂದ ಒಬ್ಬ ಹುಡುಗ.

"ಲೇ, ಅಂವ ಕರಿ ಪುಡಿ ಅಲ್ಲ, ಇದ್ದಿಲು ಇರಬೇಕು ನೋಡು," ಎಂದ ಉಜ್ಜಿನಪ್ಪ. ಹುಡುಗರ ನಗೆ ನಿಲ್ಲುವವರೆಗೆ ಕಾದು, ದನಿ ಇಳಿಸಿ ಹೇಳಿದ, "ನೋಡಾಕ ಇಬ್ಬರೂ ಕರ್ರಗ. ಇದ್ದಿಲು ನಡುವ ಕುಂತ್ರ ಪಾಲಾಗಂಗಿಲ್ಲ, ಮನಿಗೇ ಬೆಂಕಿ ಬೀಳತೈತಿ."

*

"ಎರಡು ಸೀಸೆ ಇದ್ವಲ್ರೀ ಮಾಸ್ತರ?" ಎಂದಳು ಹೊಳೆಮ್ಮ.

"ಇದೊಂದೇ ಅದ."

"ಎರಡು ಇದ್ವು. ಒಂದು ಗುಡ್ಡದ್ದು, ಒಂದು ಒಲಿದು. ಮ್ಯಾಂಗನೀಸು ಮ್ಯಾಲಿನ ಹಲಗಿ ಎಡಕ್ಕ, ಇದ್ದಿಲ ಪುಡಿ ಕೆಳಗ ಬಲಕ್ಕ. ಜಗಳಗಂಟ ಬೀಗರನ್ನ ಕುಂದ್ರಸಿದಂಗ ಇಟ್ಟೀನಿ ಅಂತಿದ್ದ. ಇನ್ನೊಂದು ಎಲ್ಲಿ?"

ಆಗ ಎರ್ರಿಯಪ್ಪ ಎದ್ದ. ಬಂದವನೇ ಅವರ ಕೈಯಿಂದ ಸೀಸೆ ಕಿತ್ತುಕೊಂಡು, ಚಿಟಿಕೆ ಪುಡಿಯನ್ನು ಅಂಗೈಗೆ ಸುರಿದು ಹೆಬ್ಬೆರಳಲ್ಲಿ ತೀಡಿದ. ಇಪ್ಪತ್ತು ವರ್ಷ ಅದಿರಿನಲ್ಲಿ ಮುಳುಗಿದ್ದ ಹೆಬ್ಬೆರಳು. ಊದಿದ, ಅರ್ಧ ಪುಡಿ ಹಾರಿಹೋಯಿತು, ಅರ್ಧ ಅಂಗೈಗೇ ಕಚ್ಚಿಕೊಂಡಿತು.

"ಕುಂತದ್ದು ನಮ್ಮ ಗುಡ್ಡದ್ದು. ಹಾರಿದ್ದು ಇದ್ದಿಲು." ಬೆಳಗಿನಿಂದ ಅವನಾಡಿದ ಮೊದಲ ಮಾತು ಅದು. "ಯಾರು ಬೆರಸಿದ್ರು?"

ಮೂಕಣ್ಣ ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡ.

"ಅಂವ ಎದ್ದು ಬಂದು ಹೇಳಂಗಿಲ್ಲ ಅಂತ ಧೈರ್ಯ ಏನ್ರಿ? ಯಾರು ಬೆರಸಿದ್ರು ಅಂತ ಕೇಳಿದೆ."

"ನಾನೇ," ಎಂದರು ಮಾಸ್ತರು. ದನಿ ಅವರಿಗೇ ಕೇಳಿಸಿತೋ ಇಲ್ಲವೋ. "ಅಂವ ಜ್ವರ ಬಂದು ಮಲಗಿದ್ದ. ಸೀಸೆ ಮ್ಯಾಲಿನ ಚೀಟಿ ಎಲ್ಲಾ ಗೆದ್ದಲು ತಿಂದಿತ್ತು. ಪರೀಕ್ಷಕರು ಬರ್ತಾರಂತ ಕಪಾಟು ಚೊಕ್ಕ ಮಾಡ್ಲಿಕ್ಕೆ ಹೋದೆ. ಎರಡು ಸೀಸೆ, ಎರಡರಾಗೂ ಅರ್ಧರ್ಧ ಕರಿ ಪುಡಿ. ಒಂದೇ ಇರಬೇಕಂತ ಒಂದರಾಗ ಸುರುವಿದೆ."

"ಸುರುವಿದ್ದು ನೀವು. ಪುಸ್ತಕದಾಗ ಅವನ ಹೆಸರು."

"ಹೆಡ್‌ಮಾಸ್ತರು ಬರೆಯೋವಾಗ ನನಗೂ ಖಾತ್ರಿ ಇರಲಿಲ್ಲ."

"ಈಗ ಐತಲ್ಲ?"

ಮಾಸ್ತರು ತಲೆ ತಗ್ಗಿಸಿದರು. ಎರ್ರಿಯಪ್ಪ ಸೀಸೆಯನ್ನು ಅವರ ಕಾಲ ಬಳಿ ಕುಕ್ಕಿದ. "ಹತ್ತೊಂಬತ್ತು ವರ್ಷ ನಿಮ್ಮ ಸೀಸೆ ತೊಳದ. ನಮ್ಮ ಮನ್ಯಾಗಿನ ಒಂದು ಕೂಸಿಗರ ಆ ಬೆಂಚಿನ ತುದ್ಯಾಗ ಜಾಗ ಕೊಟ್ರೇನು? ನನ್ನ ಮಗನ್ನ ಕರಕೊಂಡು ಬಂದಾಗ ಈ ವರ್ಷ ತುಂಬೇತಿ, ಮುಂದಿನ ವರ್ಷ ಬಾ ಅಂದ್ರಿ. ಮುಂದಿನ ವರ್ಷ ಅಂವ ಗುಡ್ಡದಾಗ ಬುಟ್ಟಿ ಹೊತ್ತ. ಹೋಗ್ರಿ ಮಾಸ್ತರ. ನಿಮ್ಮ ಹುಡುಗರು ಒಂದು ವರ್ಷ ಕುಂದರ್ಲಿ, ಏನೂ ಆಗಂಗಿಲ್ಲ."

"ಹೆಡ್‌ಮಾಸ್ತರು ವರ್ಷ ಹಾಳಾಗಲಿಕ್ಕೆ ಬಿಡಂಗಿಲ್ಲ," ಎಂದರು ಮಾಸ್ತರು. "ಇದೇ ಪುಡಿ ಇಟ್ಟು, ಸ್ವಲ್ಪ ಸ್ವಲ್ಪ ಹಾಕಿ ಮಾಡ್ರಿ ಅಂದಾರ."

ಹೊಳೆಮ್ಮನಿಗೆ ಇಪ್ಪತ್ತೆರಡು ಮುಖಗಳು, ಇಪ್ಪತ್ತೆರಡು ಕೊಳವೆಗಳ ಮೇಲೆ ಬಗ್ಗಿದಂತೆ ಕಂಡಿತು. ಆ ಮುಖಗಳಲ್ಲಿ ಎಷ್ಟೋ ಅವಳಿಗೆ ಗೊತ್ತಿದ್ದವೇ. ಅವಳ ಬುತ್ತಿಯ ರೊಟ್ಟಿ ಕದ್ದು ತಿಂದವು.

"ಭಾವಾರ," ಎಂದಳು. "ಆ ಗಂಟು ಕೊಡ್ರಿ."

ಎರ್ರಿಯಪ್ಪ ಗಂಟಿನ ಮೇಲೆ ಕೈ ಇಟ್ಟ. ಅದರಲ್ಲಿ ಏನಿದೆಯೆಂದು ಅವಳು ಬಿಚ್ಚಿ ನೋಡಬೇಕಾಗಿರಲಿಲ್ಲ. ವರ್ಷವೂ ಅವನು ಅದನ್ನೇ ತರುತ್ತಿದ್ದ: ಗುಡ್ಡದ ಹೊಟ್ಟೆಯಿಂದ ಆರಿಸಿದ ಒಂದು ಹಸನಾದ ಕರಿ ಕಲ್ಲು.

"ಇದು ಅವಂದು. ಅವನ ಜೋಡಿ ಕುಣ್ಯಾಗ ಇಡ್ತೀನಿ."

"ಕುಣ್ಯಾಗ ಇಟ್ರ ಅವನಿಗೇನು ಬಂತು?"

"ಇವರಿಗೆ ಕೊಟ್ರ ಅವನಿಗೇನು ಬಂತು?"

"ಸಂಜಿಗೆ ಒಂದು ಹುಡುಗನ ಕಣ್ಣು ಹೋತಂದ್ರ, ಉಜ್ಜಿನಪ್ಪ ಮಾಡಿಟ್ಟ ಪುಡಿ ಅಂತ ಊರೆಲ್ಲಾ ಅಂತೈತಿ. ಪುಸ್ತಕದಾಗ ಬರದದ್ದು ಖರೆ ಆಗತೈತಿ. ಆಮ್ಯಾಲ ನಾ ಈ ಓಣ್ಯಾಗ ಯಾವ ಮುಖ ಹೊತ್ತು ತಿರಗ್ಲಿ?" ಅವಳ ದನಿ ನಡುಗಲಿಲ್ಲ, ಅದಕ್ಕೇ ಎಲ್ಲರಿಗೂ ಭಯವಾಯಿತು. "ಹತ್ತೊಂಬತ್ತು ವರ್ಷದಾಗ ಒಂದು ಹುಡುಗನ ಉಗುರು ಸುಟ್ಟಿಲ್ಲ ಅಂತ ಹೇಳಕೋತ ಸತ್ತಾನ್ರೀ ಭಾವಾರ. ಅಷ್ಟ ಗಳಿಸಿದ್ದು ಅಂವ."

ಎರ್ರಿಯಪ್ಪ ಬಹಳ ಹೊತ್ತು ತಮ್ಮನ ಕಾಲುಗಳನ್ನು ನೋಡಿದ. ಆಮೇಲೆ ಮಾಸ್ತರರ ಕಡೆ ತಿರುಗಿದ.

"ಎರಡು ಮಾತು. ಮೊದಲನೇ ಸಲ ನಿಮ್ಮ ಕೈಯಾಗ ಕಾಸ್ರಿ, ಹುಡುಗರ ಕೈಯಾಗ ಅಲ್ಲ. ಎರಡನೇದು, ಯಾರು ಬೆರಸಿದ್ರು ಅಂತ ಆ ಪರೀಕ್ಷಕರ ಮುಂದ ಹೇಳಬೇಕು."

"ಮೊದಲನೇದು ಮಾಡ್ತೀನಿ." ಮಾಸ್ತರು ಕಾಲ ಬಳಿಯ ಸೀಸೆ ಎತ್ತಿಕೊಂಡರು. "ಎರಡನೇದು... ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲಪ್ಪ. ಮನ್ಯಾಗ ಐದು ಮಂದಿ. ನೋಡ್ತೀನಿ."

"ನೋಡೋದಲ್ಲ."

ಉತ್ತರಕ್ಕೆ ಕಾಯಲು ಹೊತ್ತು ಇರಲಿಲ್ಲ. ಹೊಳೆಮ್ಮ ಗಂಟು ಬಿಚ್ಚಿ ಕಲ್ಲನ್ನು ಒರಳಿಗೆ ಹಾಕಿ ಆಗಿತ್ತು.

"ಏ, ಬ್ಯಾಡಬೇ!" ಜಂಬವ್ವ ಚೀರಿದಳು. "ಹೆಣ ಹೊರಗ ಹೋಗೋಮಟ ಒರಳು ಮುಟ್ಟಬಾರದು! ಕುಟ್ಟೋ ಸದ್ದಿಗೆ ಓಣ್ಯಾಗ ಇನ್ನೊಂದು ಹೋಗತೈತಿ!"

"ಹಂಗ ಹೋಗೂದಿದ್ರ ನಾನ ಹೋಗ್ಲಿ ಬಿಡು," ಎಂದು ಹೊಳೆಮ್ಮ ಒನಕೆ ಎತ್ತಿದಳು.

*

ಮೊದಲ ಸಲ ಉಜ್ಜಿನಪ್ಪ ಅವಳಿಗೆ ಹೇಳದೆ ಕೇಳದೆ ಅದೇ ಒರಳಿನಲ್ಲಿ ಕಲ್ಲು ಕುಟ್ಟಿದ್ದ. ಮದರಾಸಿನಿಂದ ಬರಬೇಕಾಗಿದ್ದ ಡಬ್ಬಿ ಬಂದಿರಲಿಲ್ಲ, ಪರೀಕ್ಷೆ ಹತ್ತಿರ ಬಂದಿತ್ತು. ಮರುದಿನ ಅವಳು ಕುಟ್ಟಿದ ಗುರೆಳ್ಳು ಚಟ್ನಿ ನಾಲಿಗೆಗೆ ಮರಳಿನಂತೆ ಹತ್ತಿತು.

"ಏನು ಹಾಕಿದ್ಯೋ ಇದರಾಗ?"

"ಆಕ್ಸಿಜನ್ ಬರೋ ಕಲ್ಲು."

"ನನ್ನ ಒರಳಿನ್ಯಾಗ?"

"ಸಾಲ್ಯಾಗಿನ ಪಿಂಗಾಣಿ ಒರಳು ಸಣ್ಣದು, ಒಡೀತೈತಿ. ತಗೋ, ನಾನ ತೊಳಿತೀನಿ." ಎರಡು ತಾಸು ತೊಳೆದ. ಕರಿ ಹೋಗಲಿಲ್ಲ. ಅವಳು ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಮೆಟ್ಟಿಲ ಹುಡುಗರಲ್ಲಿ ನಾಲ್ವರು ಬಂದು, ನಿಮ್ಮ ಒರಳಿನಿಂದ ನಮ್ಮ ಆಕ್ಸಿಜನ್ ಬಂತಕ್ಕಾ ಎಂದು ಹೇಳಿ ಹೋದರು. ಮುಂದಿನ ವರ್ಷದಿಂದ ಕುಟ್ಟುವ ಕೆಲಸ ಅವಳದೇ ಆಯಿತು. ಮನೆಗೆ ಬೇರೊಂದು ಒರಳು ಬಂತು.

*

ಕುಟ್ಟುವ ಸದ್ದಿಗೆ ಓಣಿಯ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಒಬ್ಬ ಮುದುಕ ಥೂ ಎಂದು ಎದ್ದು ಹೋದ. ಹೊಳೆಮ್ಮ ತಲೆ ಎತ್ತಲಿಲ್ಲ. ಅವಳ ಬಳೆ ಒನಕೆಗೆ ಬಡಿದು ಎರಡು ಒಡೆದವು; ಹೇಗೂ ಸಂಜೆಗೆ ಒಡೆಯಬೇಕಾದವೇ.

"ಸೋಸಬೇಕು," ಎಂದಳು. ಯಾರೂ ಮುಂದೆ ಬರಲಿಲ್ಲ. ಮಾಸ್ತರು ಕೋಟು ಬಿಚ್ಚಿ ಜಟಕಾದವನ ಕೈಗೆ ಕೊಟ್ಟು, ಒರಳಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಪಂಚೆಯ ತುದಿಯಲ್ಲಿ ಪುಡಿ ಸೋಸತೊಡಗಿದರು. ಕೈ ಮೊಣಕೈವರೆಗೆ ಕರ್ರಗಾಯಿತು.

"ಹಂಗ ಒಯ್ಯಬ್ಯಾಡ್ರಿ. ಹುರೀಬೇಕು. ಕಸಕಡ್ಡಿ ಇದ್ರ ಸುಟ್ಟುಹೋಗಬೇಕು, ಪಸೆ ಆರಬೇಕು ಅಂತಿದ್ದ."

ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹೆಣದ ಜಳಕಕ್ಕೆ ನೀರು ಕಾಸಿದ ಮೂರು ಕಲ್ಲಿನ ನಡುವೆ ಇನ್ನೂ ಕೆಂಡವಿತ್ತು. ಜಂಬವ್ವ ಏನೋ ಗೊಣಗುತ್ತ ತನ್ನ ಮನೆಯಿಂದ ಕಬ್ಬಿಣದ ಹಂಚು ತಂದು ಅದರ ಮೇಲೆ ಇಟ್ಟಳು.

ಹನ್ನೆರಡು ದಾಟಿದ ಮೇಲೆ ಬಿಸಿ ಪುಡಿಯ ಪೊಟ್ಟಣ ಹಿಡಿದು ಮಾಸ್ತರು ಜಟಕಾ ಹತ್ತಿದರು. ಹತ್ತುವ ಮುನ್ನ ಕಟ್ಟೆಯ ಕಡೆ ತಿರುಗಿ ನಿಂತರು.

"ಹೇಳಾಂವಲ್ಲ ಈತ," ಎಂದ ಎರ್ರಿಯಪ್ಪ. "ಕಲ್ಲೂ ಹೋತು, ಹೆಸರೂ ಹೋತು."

ಒಂದು ಗಂಟೆಗೆ ಮೆಟ್ರಿಯ ಬಂಡಿ ಬಂತು. ಹುಲುಗಮ್ಮ ಇಳಿದವಳೇ ಅಪ್ಪನ ಎದೆಯ ಮೇಲೆ ಬಿದ್ದಳು. ಹೊಳೆಮ್ಮ ಮಗಳ ಬೆನ್ನು ಸವರುತ್ತಿದ್ದಳು, ಕಿವಿ ಮಾತ್ರ ಕಾಲುವೆಯ ದಿಕ್ಕಿಗಿತ್ತು. ಎರಡಾದರೂ ಆಗಿರಬಹುದು. ಇಲ್ಲಿಯ ತನಕ ಸದ್ದು ಕೇಳುತ್ತದೆಯೇ? ಕಲ್ಲಿನಲ್ಲಿ ಬೇರೇನಾದರೂ ಬೆರೆತಿದ್ದರೆ? ಹಂಚಿಗೆ ರೊಟ್ಟಿಯ ಹಿಟ್ಟು ಹತ್ತಿಕೊಂಡಿತ್ತೇ? ಸರಿಯಾಗಿ ನೋಡಿದೆನೇ?

ಸಿದಿಗೆ ಎದ್ದಿತು. ಮೂಕಣ್ಣನ ಹಲಗೆ ಓಣಿಯ ಗೋಡೆಗಳಿಗೆ ಬಡಿಯುತ್ತ ಮುಂದೆ ಹೊರಟಿತು. ಸುಡುಗಾಡಿನ ದಾರಿಯಲ್ಲಿ ಒಮ್ಮೆ ಸಿದಿಗೆಯನ್ನು ಇಳಿಸಿ ಹೆಗಲು ಬದಲಿಸುವುದು ಪದ್ಧತಿ. ಆ ಜಾಗ ಕಾಲುವೆಯ ಸೇತುವೆಯಾಚೆ ಹುಣಸೆಗಿಡದ ಬುಡ. ಅಜ್ಜಂದಿರ ಕಾಲದಿಂದ ಅಲ್ಲೇ. ಹೈಸ್ಕೂಲು ಸೇತುವೆಗೆ ಈಚೆ. ಅದರ ಮೋಟುಗೋಡೆಯ ಬಳಿ ಬಂದಾಗ ಮುಂದಿನ ಎಡಗೊಂಬು ಹೊತ್ತಿದ್ದ ಎರ್ರಿಯಪ್ಪ ನಿಂತುಬಿಟ್ಟ.

"ಇಳಸ್ರಿ."

"ಇಲ್ಲಲ್ಲಪ್ಪ, ಹುಣಸಿಗಿಡದ ಹತ್ರ!"

"ಇಲ್ಲೇ ಇಳಸ್ರಿ ಅಂದೆ. ಮೂಕಣ್ಣ, ನಿಲ್ಸೋ ಅದನ್ನ."

ಹಲಗೆ ನಿಂತಿತು. ಆ ಮೌನದಲ್ಲಿ ಹೊಳೆಮ್ಮ ಗೋಡೆಯ ಬಳಿಗೆ ಹೋದಳು. ವಿಜ್ಞಾನದ ಕೋಣೆಯ ಕಿಟಕಿಗಳು ಅಗಲಕ್ಕೆ ತೆರೆದಿದ್ದವು. ಹುಡುಗರೆಲ್ಲ ಹಿಂದಿನ ಗೋಡೆಗೆ ಒತ್ತಿ ನಿಂತಿದ್ದರು. ಕುರ್ಚಿಯ ಮೇಲೆ ರುಮಾಲಿನ ಪರೀಕ್ಷಕರು, ಅವರ ಪಕ್ಕ ಹೆಡ್‌ಮಾಸ್ತರು. ಮೇಜಿನ ಮುಂದೆ ಪ್ರಭಂಜನ ಮಾಸ್ತರು ಒಬ್ಬರೇ. ಜಳಕ ಮಾಡಿ ಬಿಳಿಯ ಮಡಿ ಅಂಗಿ ತೊಟ್ಟಿದ್ದರು. ಸ್ಪಿರಿಟ್ ದೀಪದ ಉರಿಯನ್ನು ಕೊಳವೆಯ ಬುಡಕ್ಕೆ ಹಿಡಿದಿದ್ದರು.

ಹೊಳೆಮ್ಮನ ಕೈಯನ್ನು ಮಗಳು ಹಿಡಿದುಕೊಂಡಳು. "ಏನಬೇ ಅದು?"

"ಸುಮ್ಕಿರು."

ಕೊಳವೆ ಸಿಡಿಯಲಿಲ್ಲ. ತೊಟ್ಟಿಯ ನೀರಿನಲ್ಲಿ ಒಂದು ಗುಳ್ಳೆ ಎದ್ದಿತು, ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ಮಗುಚಿಟ್ಟ ಬುಡ್ಡಿಯೊಳಗೆ ನೀರು ಇಳಿಯುತ್ತ ಬಂತು. ಮಾಸ್ತರು ಒಂದು ಕಡ್ಡಿ ಹಚ್ಚಿ, ಉರಿ ಊದಿ ಆರಿಸಿ, ಬರಿ ಕೆಂಡ ಉಳಿದ ತುದಿಯನ್ನು ಬುಡ್ಡಿಯ ಬಾಯಿಗೆ ಇಳಿಸಿದರು. ಅದು ಭಗ್ಗನೆ ಹೊತ್ತಿಕೊಂಡಿತು. ಹಿಂದಿನಿಂದ ಒಬ್ಬ ಹುಡುಗ ಹೋ ಎಂದು ಕೂಗಿಬಿಟ್ಟ.

ಹೊಳೆಮ್ಮ ಬಿಟ್ಟ ಉಸಿರು ಎರ್ರಿಯಪ್ಪನಿಗೂ ಕೇಳಿಸಿತು. ಆದರೆ ಅವನು ಕದಲಲಿಲ್ಲ. "ಇನ್ನೊಂದು ಮಾತು ಐತಿ," ಎಂದ.

ಒಳಗೆ ಪರೀಕ್ಷಕರು ಹುಬ್ಬಿಗೆ ಪಟ್ಟಿ ಕಟ್ಟಿಕೊಂಡ ಹುಡುಗನನ್ನು ತೋರಿಸಿ ಏನೋ ಕೇಳಿದರು. ಹೆಡ್‌ಮಾಸ್ತರು ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆ ಮಾತುಗಳ ನಡುವೆ ಉಜ್ಜಿನಪ್ಪನ ಹೆಸರು ಬಂತು. ಮಾಸ್ತರು ಕಿಟಕಿಯ ಕಡೆ ನೋಡಿದರು. ಗೋಡೆಯಾಚೆ ಸಿದಿಗೆ, ಅದರ ಪಕ್ಕ ತಲೆ ಮೇಲೆ ಸೆರಗು ಹೊದ್ದು ನಿಂತ ಹೆಂಗಸು. ಉರಿಯುವ ಕಡ್ಡಿ ಅವರ ಎಡಗೈಯಲ್ಲೇ ಇತ್ತು. ಅದು ಬೆರಳ ಹತ್ತಿರ ಬರುತ್ತಿರುವುದು ಹೊಳೆಮ್ಮನಿಗೆ ಕಾಣುತ್ತಿತ್ತು.

ಆಮೇಲೆ ಮಾಸ್ತರು ಪರೀಕ್ಷಕರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಉದ್ದದ ಮಾತಲ್ಲ. ಉಜ್ಜಿನಪ್ಪನ ಹೆಸರು ಅದರಲ್ಲೂ ಬಂತು, ಬಂದಾಗ ಅವರ ತಲೆ ಅಲ್ಲವೆಂಬಂತೆ ಅಡ್ಡ ಆಡಿತು. ಹೆಡ್‌ಮಾಸ್ತರರ ನಗು ಮುಖದ ಮೇಲೇ ಒಣಗಿತು. ಮಾತಿನ ಕೊನೆಗೆ ಮಾಸ್ತರು ಬಲಗೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು, ಒತ್ತಿ ಹಿಡಿದರು.

ಎಷ್ಟು ಜಳಕ ಮಾಡಿದ್ದರೂ ಗುಡ್ಡದ ಕರಿ ಆ ಕೈ ಬಿಟ್ಟಿರಲಿಲ್ಲ. ಕೈ ಕೆಳಗಿಳಿದಾಗ ಬೆವತ ಬಿಳಿ ಅಂಗಿಯ ಮೇಲೆ ಐದು ಬೆರಳೂ ಕರ್ರಗೆ ಮೂಡಿದ್ದವು.